ತೊಡೆಮೂಳೆಯ ವೈದ್ಯ ಹ್ಯೂ ಓವೆನ್ ಥಾಮಸ್

ಕಳೆದ ಮಳೆಗಾಲದಲ್ಲಿ ನಮ್ಮ ನಾನಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದರು. ಎದ್ದು ನಿಲ್ಲಲು ಆಗಲಿಲ್ಲ. ಬಲಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ತೊಡೆಮೂಳೆಯ ನಡುಭಾಗ ಮುರಿದಿದೆ ಎಂದರು. ಶಸ್ತ್ರಚಿಕಿತ್ಸೆ ಮರುದಿನ. ಅಲ್ಲಿಯವರೆಗೆ ಕಾಲನ್ನು ಒಂದು ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟು, ಪಾದವನ್ನು ಎಳೆದು ಕಟ್ಟಿದರು. ಅಷ್ಟು ಹೊತ್ತು ನರಳುತ್ತಿದ್ದ ನಾನಿ ಹತ್ತೇ ನಿಮಿಷದಲ್ಲಿ ಸ್ವಲ್ಪ ಸುಮ್ಮನಾದರು. ಕೇಸ್ ಶೀಟಿನಲ್ಲಿ ನರ್ಸ್ ಬರೆದದ್ದನ್ನು ನಾನು ಇಣುಕಿ ಓದಿದೆ: ಥಾಮಸ್ ಸ್ಪ್ಲಿಂಟ್ ಹಾಕಲಾಗಿದೆ.

ನನ್ನ ಆಪಾ ಮಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸದಲ್ಲಿದ್ದಾರೆ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಓದಿ ಪ್ರತಿ ರೋಗಕ್ಕೂ, ಪ್ರತಿ ಗಾಯಕ್ಕೂ ಒಂದು ಸಂಕೇತ ಸಂಖ್ಯೆ ಕೊಡುವುದು ಅವರ ಕೆಲಸ. ಈ ಥಾಮಸ್ ಯಾರು ಎಂದು ಅವರನ್ನು ಕೇಳಿದೆ. ದಿನವೂ ಆ ಹೆಸರನ್ನು ಓದುತ್ತೇನೆ, ಆದರೆ ಯಾರೆಂದು ಗೊತ್ತಿಲ್ಲ, ನೀನೇ ಹುಡುಕಿ ನನಗೂ ಹೇಳು ಎಂದರು. ಹಾಗೆ ಹುಡುಕಿದಾಗ ಸಿಕ್ಕಿದ್ದನ್ನು ನಮ್ಮ ಕಾಲೇಜಿನ ಗೆಳೆಯ ಗೆಳತಿಯರ ಮುಂದೆ ಇಡುತ್ತಿದ್ದೇನೆ.

ಹ್ಯೂ ಓವೆನ್ ಥಾಮಸ್ ಹುಟ್ಟಿದ್ದು 1834ರ ಆಗಸ್ಟ್ 23ರಂದು, ವೇಲ್ಸ್‌ನ ಆಂಗ್ಲ್‌ಸೀ ದ್ವೀಪದಲ್ಲಿ. ಅವರ ಮನೆತನದ ಕತೆಯೇ ಒಂದು ಸಾಹಸಕತೆಯಂತಿದೆ. 1745ರ ಸುಮಾರಿಗೆ ಆ ದ್ವೀಪದ ಬಂಡೆಗಳಿಗೆ ಒಂದು ಹಡಗು ಬಡಿದು ಒಡೆಯಿತಂತೆ. ಅದರಿಂದ ಬದುಕಿ ದಡ ಸೇರಿದ ಒಬ್ಬ ಚಿಕ್ಕ ಹುಡುಗನಿಗೆ ವೆಲ್ಷ್ ಭಾಷೆಯೂ ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಯಾವ ದೇಶದವನೆಂದೇ ತಿಳಿಯಲಿಲ್ಲ. ಊರಿನವರು ಸಾಕಿಕೊಂಡು ಇವಾನ್ ಥಾಮಸ್ ಎಂದು ಹೆಸರಿಟ್ಟರು. ಬೆಳೆಯುತ್ತಾ ಹುಡುಗನ ಕೈಗುಣ ಊರಿಗೆ ಗೊತ್ತಾಯಿತು. ಕಾಲು ಮುರಿದ ಕುರಿ, ಕೀಲು ತಪ್ಪಿದ ದನ ಅವನ ಕೈಗೆ ಬಂದರೆ ಸರಿಯಾಗುತ್ತಿತ್ತು. ಮೆಲ್ಲಗೆ ಮನುಷ್ಯರೂ ಬರತೊಡಗಿದರು. ಆ ವಿದ್ಯೆ ಮಗನಿಗೆ, ಮೊಮ್ಮಗನಿಗೆ ಇಳಿಯಿತು.

ನಮ್ಮ ಕಡೆಯೂ ಇಂಥ ಮನೆತನಗಳಿವೆಯಲ್ಲ. ಮೂಳೆ ಮುರಿದರೆ ದಬ್ಬೆ ಕಟ್ಟುವ ನಾಟಿ ವೈದ್ಯರು ಹಲವು ಊರುಗಳಲ್ಲಿ ಇದ್ದರು, ಈಗಲೂ ಇದ್ದಾರೆ. ಆಂಧ್ರದ ಪುತ್ತೂರಿನ ಕಟ್ಟು ಎಂಬ ಹೆಸರಿನ ಬೋರ್ಡುಗಳನ್ನು ಬೆಂಗಳೂರಿನ ಬೀದಿಗಳಲ್ಲಿ ನೀವೂ ನೋಡಿರಬಹುದು. ಅವರ ವಿದ್ಯೆಯೆಲ್ಲ ಕೈಯಲ್ಲಿ ಇರುತ್ತದೆ, ಕಾಗದದ ಮೇಲೆ ಇರುವುದಿಲ್ಲ. ಥಾಮಸ್ ಮನೆತನದ ವಿದ್ಯೆಯೂ ಹಾಗೆಯೇ ಇತ್ತು.

ಹ್ಯೂ ಅವರ ತಂದೆಯ ಹೆಸರೂ ಇವಾನ್ ಥಾಮಸ್. ಅವರು ದ್ವೀಪ ಬಿಟ್ಟು ಬಂದರು ನಗರ ಲಿವರ್‌ಪೂಲ್‌ಗೆ ಹೋಗಿ ಮೂಳೆ ಕಟ್ಟುವ ಕೆಲಸದಲ್ಲಿ ದೊಡ್ಡ ಹೆಸರು ಗಳಿಸಿದರು. ಹಡಗುಕಟ್ಟೆಯ ಕೂಲಿಗಳು, ನಾವಿಕರು ಅವರ ಮನೆ ಬಾಗಿಲಲ್ಲಿ ಕಾಯುತ್ತಿದ್ದರು. ಆದರೆ ಅವರಿಗೆ ವೈದ್ಯ ಪದವಿ ಇರಲಿಲ್ಲ. ನಗರದ ವೈದ್ಯರು ಅವರನ್ನು ಮತ್ತೆ ಮತ್ತೆ ಕೋರ್ಟಿಗೆ ಎಳೆದರು. ಎಷ್ಟೋ ಕಾಲುಗಳನ್ನು ಉಳಿಸಿದವರು ಕಟಕಟೆಯಲ್ಲಿ ನಿಂತಾಗ ತೋರಿಸಲು ಒಂದು ಸರ್ಟಿಫಿಕೇಟೂ ಇರಲಿಲ್ಲ. ಈ ಅವಮಾನ ಅವರ ಮನಸ್ಸಿನಲ್ಲಿ ನೆಟ್ಟಿರಬೇಕು. ತಮ್ಮ ಐದು ಗಂಡುಮಕ್ಕಳನ್ನೂ ವೈದ್ಯಕೀಯ ಓದಲು ಕಳಿಸಿದರು, ಐವರೂ ಪದವಿ ಪಡೆದರು. ಅವರಲ್ಲಿ ಹಿರಿಯವರು ಹ್ಯೂ.

ಹ್ಯೂ ಚಿಕ್ಕಂದಿನಲ್ಲಿ ಬಹಳ ನಿಶ್ಶಕ್ತ ಹುಡುಗ. ಗಾಳಿ ಒಳ್ಳೆಯದೆಂದು ಅವರನ್ನು ಆಂಗ್ಲ್‌ಸೀಯ ಅಜ್ಜ ಅಜ್ಜಿಯ ಮನೆಯಲ್ಲಿಟ್ಟು ಬೆಳೆಸಿದರು. ಬಾಲ್ಯದಲ್ಲಿ ಒಂದು ಕಣ್ಣಿಗೆ ಪೆಟ್ಟು ಬಿದ್ದು ರೆಪ್ಪೆ ವಿಕಾರವಾಯಿತು. ಅದನ್ನು ಮರೆಮಾಡಲು ಮುಂದೆ ಬಾಗಿದ ಒಂದು ಟೋಪಿಯನ್ನು ಜೀವನವಿಡೀ ಹಾಕಿಕೊಂಡರು. ಅವರ ಫೋಟೋಗಳಲ್ಲಿ ನಾವು ನೋಡುವುದು ಕುಳ್ಳಗಿನ ತೆಳ್ಳಗಿನ ದೇಹ, ಗಡ್ಡ, ಕಣ್ಣಿನ ಮೇಲಕ್ಕೆ ಇಳಿಸಿದ ಆ ಟೋಪಿ. ಮೊದಲು ವೈದ್ಯರಾಗಿದ್ದ ಮಾವನೊಬ್ಬರ ಬಳಿ ನಾಲ್ಕು ವರ್ಷ ಕೆಲಸ ಕಲಿತು, ಆಮೇಲೆ ಎಡಿನ್‌ಬರೋ ಮತ್ತು ಲಂಡನ್‌ಗಳಲ್ಲಿ ಓದಿ, 1857ರಲ್ಲಿ ಶಸ್ತ್ರವೈದ್ಯರಾದರು.

ಪದವಿ ಪಡೆದ ಮಗ ತಂದೆಯ ಜೊತೆ ಕೆಲಸಕ್ಕೆ ಸೇರಿದರು. ಅದು ಬಹಳ ದಿನ ನಡೆಯಲಿಲ್ಲ. ಓದದ ತಂದೆ, ಓದಿದ ಮಗ. ಇಬ್ಬರದೂ ಹಟಮಾರಿ ಸ್ವಭಾವ. ಸುಮಾರು ಒಂದು ವರ್ಷದೊಳಗೆ ಬೇರೆಯಾದರು. ಮಗ ಲಿವರ್‌ಪೂಲ್‌ನ ಬಡ ಕೂಲಿಕಾರರ ನಡುವೆಯೇ ಬೇರೆ ಮನೆ ಮಾಡಿ, ಕೊನೆಗೆ ನೆಲ್ಸನ್ ಸ್ಟ್ರೀಟ್‌ನ 11ನೇ ನಂಬರಿನ ಮನೆಯಲ್ಲಿ ನೆಲೆಯೂರಿದರು. 1864ರಲ್ಲಿ ಎಲಿಜಬೆತ್ ಜೋನ್ಸ್ ಅವರನ್ನು ಮದುವೆಯಾದರು. ಅವರಿಗೆ ಮಕ್ಕಳಾಗಲಿಲ್ಲ.

ಆ ಮನೆಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಅದರೊಳಗೇ ಒಂದು ಕಮ್ಮಾರಸಾಲೆ, ಒಂದು ಚರ್ಮದ ಕೆಲಸದ ಕೋಣೆ. ಒಬ್ಬ ಕಮ್ಮಾರ, ಒಬ್ಬ ಚರ್ಮದ ಕೆಲಸಗಾರ ಸಂಬಳಕ್ಕೆ. ಬಂದ ರೋಗಿಯ ಕಾಲಿನ ಅಳತೆ ತೆಗೆದು ಅಲ್ಲೇ ಕಬ್ಬಿಣ ಕಾಯಿಸಿ ಬಡಿದು, ಅಲ್ಲೇ ಚರ್ಮ ಹೊಲಿದು ಚೌಕಟ್ಟು ತಯಾರಿಸುತ್ತಿದ್ದರು. ಡಾಕ್ಟರು ಬೆಳಗಿನ ಜಾವವೇ ಎದ್ದು ಕುದುರೆ ಗಾಡಿಯಲ್ಲಿ ರೋಗಿಗಳ ಮನೆಗಳಿಗೆ ಹೊರಡುತ್ತಿದ್ದರು, ಬಾಯಲ್ಲಿ ಸದಾ ಸಿಗರೇಟು. (ಈ ಒಂದು ಅಭ್ಯಾಸವನ್ನು ಅವರಿಂದ ಕಲಿಯುವುದು ಬೇಡ.) ಭಾನುವಾರ ಬಡವರಿಗೆ ಉಚಿತ ಚಿಕಿತ್ಸೆ. ಆ ದಿನ ಬೀದಿಯಲ್ಲಿ ಊರುಗೋಲುಗಳ ಜಾತ್ರೆ.

ಅವರ ಕಾಲದಲ್ಲಿ ಮೊಣಕಾಲು, ಸೊಂಟದ ಕೀಲುಗಳಿಗೆ ಕ್ಷಯ ತಗಲಿದರೆ ಅನೇಕ ಶಸ್ತ್ರವೈದ್ಯರು ಕೀಲನ್ನೇ ಕತ್ತರಿಸಿ ತೆಗೆಯುತ್ತಿದ್ದರು, ಇಲ್ಲವೇ ಕಾಲನ್ನೇ ತೆಗೆಯುತ್ತಿದ್ದರು. ಥಾಮಸ್ ಅವರ ನಂಬಿಕೆ ಬೇರೆ. ಗಾಯಗೊಂಡ ಅಂಗಕ್ಕೆ ವಿಶ್ರಾಂತಿ ಬೇಕು. ಆ ವಿಶ್ರಾಂತಿ ರೋಗಿಯ ಇಷ್ಟಕ್ಕೆ ಬಿಟ್ಟದ್ದಾಗಿರಬಾರದು, ನಡುವೆ ತಪ್ಪಬಾರದು, ಸಾಕಷ್ಟು ಕಾಲ ಇರಬೇಕು. ಅದಕ್ಕಾಗಿ ಮೊಣಕಾಲಿಗೆ ಅವರು ಮಾಡಿದ ಸಾಧನವೇ ಇಂದಿನ ಥಾಮಸ್ ಸ್ಪ್ಲಿಂಟ್. 1875ರಲ್ಲಿ ಸೊಂಟ, ಮೊಣಕಾಲು, ಹರಡು ಕೀಲುಗಳ ರೋಗಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನು ವಿವರಿಸಿದರು.

ಸಾಧನ ತೀರಾ ಸರಳ. ತೊಡೆಯ ಬುಡಕ್ಕೆ ಕೂರುವ, ಮೆತ್ತೆ ಇಟ್ಟು ಚರ್ಮ ಹೊಲಿದ ಒಂದು ಕಬ್ಬಿಣದ ಬಳೆ. ಬಳೆಯ ಎರಡೂ ಬದಿಯಿಂದ ಪಾದದಾಚೆಗೆ ಇಳಿದು ಕೆಳಗೆ ಒಂದಾಗುವ ಎರಡು ಸರಳುಗಳು. ಪಾದವನ್ನು ಪಟ್ಟಿಯಿಂದ ಎಳೆದು ಆ ತುದಿಗೆ ಕಟ್ಟಿದರೆ ಬಳೆ ಮೇಲೆ ಕುಳಿತುಕೊಳ್ಳುವ ಮೂಳೆಯನ್ನು ಒತ್ತಿ ನಿಲ್ಲುತ್ತದೆ. ಭೌತಶಾಸ್ತ್ರ ಓದುವವರಿಗೆ ಇದನ್ನು ವಿವರಿಸಬೇಕಿಲ್ಲ: ಕೆಳಗೆ ಎಷ್ಟು ಎಳೆತವೋ ಮೇಲೆ ಅಷ್ಟೇ ಒತ್ತು. ತೊಡೆಯ ಸ್ನಾಯುಗಳು ದೇಹದಲ್ಲೇ ಬಲವಾದವು. ಮೂಳೆ ಮುರಿದ ಕೂಡಲೇ ಅವು ಬಿಗಿದುಕೊಂಡು ಎರಡು ತುಂಡುಗಳನ್ನು ಒಂದರ ಮೇಲೊಂದು ಏರಿಸುತ್ತವೆ. ಕಾಲು ಗಿಡ್ಡವಾಗುತ್ತದೆ, ತೊಡೆ ಗುಂಡಗೆ ಊದುತ್ತದೆ, ಒಳಗೆ ಒಂದು ಲೀಟರಿಗೂ ಮೀರಿ ರಕ್ತ ಸೋರಬಹುದು. ಎಳೆದು ಕಟ್ಟಿದರೆ ತೊಡೆ ಮತ್ತೆ ಉದ್ದನೆಯ ಕೊಳವೆಯಾಗುತ್ತದೆ. ಗೋಲದಲ್ಲಿ ಹಿಡಿಸುವಷ್ಟು ರಕ್ತ ಕೊಳವೆಯಲ್ಲಿ ಹಿಡಿಸುವುದಿಲ್ಲ. ಚೂಪಾದ ತುದಿಗಳು ಮಾಂಸವನ್ನು ಕೊರೆಯುವುದೂ ನಿಲ್ಲುತ್ತದೆ. ನಾನಿ ಯಾಕೆ ಸುಮ್ಮನಾದರು ಎಂಬುದು ನನಗೆ ಆಗ ಅರ್ಥವಾಯಿತು.

ಇಷ್ಟು ಒಳ್ಳೆಯ ಸಾಧನವನ್ನು ಜಗತ್ತು ಕೂಡಲೇ ಅಪ್ಪಿಕೊಂಡಿತೇ? ಇಲ್ಲ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ನಡೆದಾಗ ಥಾಮಸ್ ತಮ್ಮ ಸ್ಪ್ಲಿಂಟ್‌ಗಳನ್ನು ಫ್ರೆಂಚರಿಗೆ ಕೊಡಲು ಮುಂದಾದರೆಂದೂ ಅವರು ಒಪ್ಪಲಿಲ್ಲವೆಂದೂ ಹೇಳುತ್ತಾರೆ. ಇಂಗ್ಲೆಂಡಿನಲ್ಲೂ ಲಿವರ್‌ಪೂಲ್‌ನ ಹೊರಗೆ ಅದನ್ನು ಬಳಸಿದವರು ಕಡಿಮೆ.

ಇದರ ಹೊಣೆಯನ್ನೆಲ್ಲ ಬೇರೆ ವೈದ್ಯರ ಮೇಲೆ ಹೊರಿಸುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಥಾಮಸ್ ಯಾವ ದೊಡ್ಡ ಆಸ್ಪತ್ರೆಯಲ್ಲೂ ಹುದ್ದೆ ಹಿಡಿಯಲಿಲ್ಲ. ಹಾಗಾಗಿ ಅವರ ರೋಗಿಗಳು ಗುಣವಾದದ್ದನ್ನು ಕಣ್ಣಾರೆ ಕಂಡ ವೈದ್ಯರೇ ವಿರಳ, ವಿದ್ಯಾರ್ಥಿಗಳು ಇನ್ನೂ ವಿರಳ. ಪುಸ್ತಕಗಳನ್ನು ಬರೆದರು ನಿಜ, ಆದರೆ ಬರವಣಿಗೆಯಲ್ಲಿ ಜಗಳವೇ ಹೆಚ್ಚು. ತಮ್ಮ ಮಾತನ್ನು ಒಪ್ಪದ ಶಸ್ತ್ರವೈದ್ಯರನ್ನು ಚುಚ್ಚಿ ಚುಚ್ಚಿ ಬರೆದರು. ಓದಬೇಕಾದವರೇ ಪುಸ್ತಕ ಮುಚ್ಚಿಟ್ಟರು. ತಂದೆ ಬರೆಯಲಿಲ್ಲ, ಆದ್ದರಿಂದ ಅವರ ವಿದ್ಯೆ ನಗರದ ಗಡಿ ದಾಟಲಿಲ್ಲ. ಮಗ ಬರೆದರು, ಆದರೂ ದಾಟಲಿಲ್ಲ.

ಇಲ್ಲಿ ಆಪಾ ಹೇಳಿದ ವಿಷಯವನ್ನು ಸೇರಿಸಬೇಕು. ತೊಡೆಮೂಳೆ ಮುರಿದಿದೆ ಎಂದಷ್ಟೇ ಡಾಕ್ಟರು ಬರೆದರೆ ಕೋಡಿಂಗ್‌ನವರಿಗೆ ಸಾಲುವುದಿಲ್ಲ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ತೊಡೆಮೂಳೆ ಮುರಿತಕ್ಕೆ ಎಸ್ 72 ಎಂಬ ಮನೆ. ಅದರೊಳಗೆ ಕೋಣೆಗಳು: ಮೂಳೆಯ ಕುತ್ತಿಗೆ ಮುರಿದರೆ ಎಸ್ 72.0, ನಡುಕಾಂಡ ಮುರಿದರೆ ಎಸ್ 72.3, ಮೊಣಕಾಲಿನ ಬಳಿ ಮುರಿದರೆ ಎಸ್ 72.4. ಅಮೆರಿಕದವರು 2015ರ ಅಕ್ಟೋಬರ್‌ನಿಂದ ಬಳಸುವ ರೂಪದಲ್ಲಿ ಇನ್ನೂ ಒಳಕ್ಕೆ ಹೋಗಬೇಕು. ಬಲವೋ ಎಡವೋ? ಅಡ್ಡ ಮುರಿತವೋ, ಓರೆಯೋ, ಸುರುಳಿಯೋ, ಚೂರುಚೂರೋ? ತುಂಡುಗಳು ಜಾಗ ಬಿಟ್ಟಿವೆಯೋ ಇಲ್ಲವೋ? ಚರ್ಮ ಹರಿದು ಮೂಳೆ ಹೊರಗಿನ ಗಾಳಿಗೆ ತೆರೆದುಕೊಂಡಿದೆಯೋ, ಮುಚ್ಚಿದೆಯೋ? ಚಿಕಿತ್ಸೆಯ ಮೊದಲ ಹಂತವೋ, ಗುಣವಾಗುವಾಗಿನ ಭೇಟಿಯೋ, ಕೂಡದೆ ಉಳಿದ ಮೂಳೆಯೋ? ಬಲ ತೊಡೆಮೂಳೆಯ ಕಾಂಡದಲ್ಲಿ ಜಾಗ ಬಿಟ್ಟ ಅಡ್ಡ ಮುರಿತ, ಮುಚ್ಚಿದ್ದು, ಮೊದಲ ಹಂತದ ಚಿಕಿತ್ಸೆ ಎಂದರೆ ಎಸ್ 72.321ಎ. ಡಾಕ್ಟರು ಒಂದು ಪದ ಬಿಟ್ಟರೆ ಸಂಕೇತ ಬದಲಾಗುತ್ತದೆ. ತೆರೆದದ್ದೋ ಮುಚ್ಚಿದ್ದೋ ಎಂದು ಬರೆಯದಿದ್ದರೆ ಮುಚ್ಚಿದ್ದೆಂದೇ ಎಣಿಸಬೇಕೆಂಬ ನಿಯಮ. ತೆರೆದ ಗಾಯಕ್ಕೆ ಮಾಡಿದ ಅಷ್ಟೂ ಕೆಲಸ ಆಗ ಲೆಕ್ಕದಲ್ಲಿ ಕಾಣದೆ ಹೋಗುತ್ತದೆ. ಸಂದೇಹ ಬಂದರೆ ಆಪಾ ಊಹಿಸುವಂತಿಲ್ಲ, ಡಾಕ್ಟರಿಗೆ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯಬೇಕು.

ನಮ್ಮ ಮನೆಯಲ್ಲೂ ಇದರ ಬಿಸಿ ತಟ್ಟಿತು. ನಾನಿಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಕಡೆ ಬಲಗಾಲು, ಇನ್ನೊಂದು ಕಡೆ ಎಡಗಾಲು ಎಂದಿತ್ತು. ವಿಮೆಯವರು ಕ್ಲೇಮನ್ನು ವಾಪಸ್ ಕಳಿಸಿದರು. ಮಾಮು ಮೂರು ಸಲ ಆಸ್ಪತ್ರೆಗೆ ಅಲೆದರು. ಆಪಾ ಆ ಕಾಗದ ಓದಿ ಇನ್ನೊಂದು ಲೋಪ ತೋರಿಸಿದರು. ನಾನಿಗೆ ಮೂಳೆ ಸವೆತ ಇದೆ ಎಂದು ಎರಡು ವರ್ಷದ ಹಿಂದೆಯೇ ಪರೀಕ್ಷೆಯಲ್ಲಿ ತಿಳಿದಿತ್ತು. ಗಟ್ಟಿ ಮೂಳೆ ಮುರಿಯಲಾರದಂಥ ಸಣ್ಣ ಬೀಳುವಿಕೆಯಲ್ಲಿ ಸವೆದ ಮೂಳೆ ಮುರಿದರೆ ಅಮೆರಿಕದ ನಿಯಮದಂತೆ ಅದು ಎಸ್ 72 ಅಲ್ಲ, ಎಂ 80ರ ಕೆಳಗೆ ಬರುತ್ತದೆ. ವ್ಯತ್ಯಾಸ ಬರಿಯ ಅಂಕಿಯದ್ದಲ್ಲ. ಎಸ್ ಎಂದರೆ ಬಿದ್ದು ಆದ ಗಾಯ, ಮೂಳೆ ಕೂಡಿದರೆ ಮುಗಿಯಿತು. ಎಂ ಎಂದರೆ ಒಳಗೆ ರೋಗವಿದೆ, ಅದಕ್ಕೂ ಔಷಧ ಕೊಡದಿದ್ದರೆ ನಾಳೆ ಇನ್ನೊಂದು ಕಾಲು. ನಾನಿಯ ಕಾಗದದಲ್ಲಿ ಸವೆತದ ಹೆಸರೇ ಇರಲಿಲ್ಲ, ಔಷಧವೂ ಇರಲಿಲ್ಲ. ಆಪಾ ಹೇಳಿದ ಮೇಲೆ ಮಾಮು ಕೇಳಿ ಬರೆಸಿಕೊಂಡು ಬಂದರು.

ಥಾಮಸ್ ಅವರ ಕತೆಗೆ ಮರಳೋಣ. ಅವರ ಅದೃಷ್ಟವೋ ಜಗತ್ತಿನ ಅದೃಷ್ಟವೋ, 1873ರಲ್ಲಿ ಹೆಂಡತಿಯ ಕಡೆಯ ಹುಡುಗನೊಬ್ಬ ಮನೆಗೆ ಬಂದ. ಹೆಸರು ರಾಬರ್ಟ್ ಜೋನ್ಸ್, ವಯಸ್ಸು 16. ಮಕ್ಕಳಿಲ್ಲದ ಮನೆಯಲ್ಲಿ ಅವನೇ ಮಗನಾದ. ಹಗಲು ಕಾಲೇಜು, ಉಳಿದ ಹೊತ್ತು ಮಾವನ ಜೊತೆ ದಬ್ಬೆ, ಪಟ್ಟಿ, ಚೌಕಟ್ಟು. ಸ್ವಭಾವದಲ್ಲಿ ಮಾವನಿಗೆ ಪೂರ್ತಿ ವಿರುದ್ಧ: ನಗುಮುಖ, ಮೃದು ಮಾತು, ಎಲ್ಲರ ಗೆಳೆಯ. 1888ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆ ಅಗೆಯುವ ಭಾರೀ ಕಾಮಗಾರಿಗೆ ಅವರನ್ನು ಮುಖ್ಯ ಶಸ್ತ್ರವೈದ್ಯರನ್ನಾಗಿ ನೇಮಿಸಿದರು. ಸುಮಾರು 58 ಕಿಲೋಮೀಟರ್ ಉದ್ದಕ್ಕೂ ಸಾವಿರಾರು ಕೂಲಿಗಳು, ದಿನಾ ಅಪಘಾತ. ಕಾಲುವೆಯುದ್ದಕ್ಕೂ ಪ್ರಥಮ ಚಿಕಿತ್ಸೆಯ ಜಾಗಗಳನ್ನೂ ಮೂರು ಆಸ್ಪತ್ರೆಗಳನ್ನೂ ಅವರು ಹೊಂದಿಸಿದರು. ಮುರಿದ ಕಾಲನ್ನು ಬಿದ್ದ ಜಾಗದಲ್ಲೇ ಕಟ್ಟಿ ಆಮೇಲೆ ಸಾಗಿಸಬೇಕು ಎಂಬುದು ಅಲ್ಲಿ ಪಳಗಿತು.

ಮಾವ ಅದರ ಮುಂದಿನ ಭಾಗವನ್ನು ನೋಡಲಿಲ್ಲ. ಚಳಿಗಾಲದಲ್ಲಿ ರೋಗಿಯೊಬ್ಬರನ್ನು ನೋಡಿ ಬಂದ ಮೇಲೆ ಶೀತ ಹಿಡಿದು ನ್ಯುಮೋನಿಯಾ ಆಗಿ, 1891ರ ಜನವರಿ 6ರಂದು ತೀರಿಕೊಂಡರು. ವಯಸ್ಸು 56. ವೈದ್ಯ ಸಂಘಗಳು ದೂರವಿಟ್ಟಿದ್ದ ಆ ಮನುಷ್ಯನ ಅಂತಿಮ ಯಾತ್ರೆಗೆ ಲಿವರ್‌ಪೂಲ್‌ನ ದುಡಿಯುವ ಜನ ಸಾವಿರಾರು ಸಂಖ್ಯೆಯಲ್ಲಿ ಬೀದಿಯಲ್ಲಿ ನಿಂತರು. ಅವರಲ್ಲಿ ಎಷ್ಟು ಮಂದಿ ಅವರು ಉಳಿಸಿಕೊಟ್ಟ ಕಾಲಿನ ಮೇಲೆ ನಿಂತಿದ್ದರೋ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಗುಂಡು, ಶೆಲ್ಲಿನ ಚೂರು ತೊಡೆಗೆ ಬಡಿದು ಮೂಳೆ ಮುರಿದ ಸೈನಿಕರನ್ನು ಬಂದೂಕನ್ನೇ ದಬ್ಬೆಯಾಗಿ ಕಟ್ಟಿ, ಕೆಸರಿನ ಕಂದಕಗಳಲ್ಲಿ ಗಂಟೆಗಟ್ಟಲೆ ಹೊತ್ತು ತರುತ್ತಿದ್ದರು. ಒಂದೊಂದು ಹೆಜ್ಜೆಗೂ ಮೂಳೆಯ ತುದಿ ಮಾಂಸ ಕೊರೆಯುತ್ತಿತ್ತು. ಆಸ್ಪತ್ರೆ ತಲುಪುವ ಹೊತ್ತಿಗೆ ರಕ್ತ ಹೋಗಿ, ಆಘಾತಕ್ಕೆ ಒಳಗಾಗಿ, ಬಹಳ ಜನ ಸಾಯುತ್ತಿದ್ದರು. ಸೈನ್ಯದ ಮೂಳೆ ಚಿಕಿತ್ಸೆಯ ಹೊಣೆ ಹೊತ್ತ ರಾಬರ್ಟ್ ಜೋನ್ಸ್ ಮಾವನ ಸ್ಪ್ಲಿಂಟನ್ನು ಬಳಸಲು ಪಟ್ಟು ಹಿಡಿದರು. ಫ್ರಾನ್ಸಿನ ರಣರಂಗದಲ್ಲಿದ್ದ ಶಸ್ತ್ರವೈದ್ಯ ಹೆನ್ರಿ ಗ್ರೇ ಮುಂತಾದವರು ಅದನ್ನು ಮುಂಚೂಣಿಗೆ ಒಯ್ದರು. ಸ್ಟ್ರೆಚರ್ ಹೊರುವವರಿಗೆ ಕವಾಯತಿನಂತೆ ಹಂತ ಹಂತವಾಗಿ ಕಲಿಸಿದರು: ಬೂಟು ಬಿಚ್ಚಬೇಡ, ಪ್ಯಾಂಟು ಬಿಚ್ಚಬೇಡ, ಮೊದಲು ಎಳೆ, ಎಳೆತ ಬಿಡದೆ ಬಳೆ ಏರಿಸು, ಆಮೇಲೆ ಕಟ್ಟು. ಕತ್ತಲಲ್ಲೂ ಕೈ ತಪ್ಪಬಾರದೆಂದು ಕಣ್ಣಿಗೆ ಬಟ್ಟೆ ಕಟ್ಟಿ ಅಭ್ಯಾಸ ಮಾಡಿಸಿದರು.

1917ರ ಏಪ್ರಿಲ್‌ನಲ್ಲಿ ಆರಾಸ್ ಕದನದಲ್ಲಿ ತೊಡೆಮೂಳೆ ಮುರಿದ ಸಾವಿರಕ್ಕೂ ಹೆಚ್ಚು ಸೈನಿಕರ ಲೆಕ್ಕ ಇಟ್ಟರು. ಸತ್ತವರು ಶೇಕಡ 15.6. ಅದಕ್ಕೆ ಮೊದಲು ಶೇಕಡ 80ರಷ್ಟು ಜನ ಸಾಯುತ್ತಿದ್ದರು ಎಂದು ಪುಸ್ತಕಗಳಲ್ಲಿ ಇಂದಿಗೂ ಬರೆಯುತ್ತಾರೆ. ನಾನೂ ಅದನ್ನೇ ದೊಡ್ಡಕ್ಷರದಲ್ಲಿ ಬರೆಯಬೇಕೆಂದಿದ್ದೆ. ಆದರೆ ಮೊದಲನೆಯ ಅಂಕಿ ಎಣಿಸಿ ಬಂದದ್ದು, ಎರಡನೆಯದು ಅಂದಾಜು. ಯುದ್ಧದ ಆರಂಭದ ದಿನಗಳಲ್ಲಿ ತೊಡೆಮೂಳೆಯ ಗಾಯಾಳುಗಳನ್ನು ಬೇರೆಯಾಗಿ ಅಷ್ಟು ನಿಖರವಾಗಿ ಎಣಿಸಿ ಇಟ್ಟಿರಲಿಲ್ಲ. ಸ್ಪ್ಲಿಂಟಿನ ಜೊತೆಗೆ ಬೇಗನೆ ಶಸ್ತ್ರಚಿಕಿತ್ಸೆ, ಗಾಯದ ಶುಚಿ, ರಕ್ತ ಕೊಡುವುದು ಎಲ್ಲವೂ ಆ ವರ್ಷಗಳಲ್ಲಿ ಸುಧಾರಿಸಿದ್ದವು. ಯಾವುದರಿಂದ ಎಷ್ಟು ಜೀವ ಉಳಿಯಿತು ಎಂದು ಬಿಡಿಸಿ ಹೇಳಲು ಆ ಮೊದಲ ದಿನಗಳ ದಾಖಲೆಗಳೇ ಬೇಕಿತ್ತು. ಸ್ಪ್ಲಿಂಟ್ ಜೀವ ಉಳಿಸಿತು ಎಂಬುದರಲ್ಲಿ ಅದನ್ನು ಬಳಸಿದ ವೈದ್ಯರಿಗೆ ಸಂಶಯವಿರಲಿಲ್ಲ. ಆಪಾಗೆ ಇದನ್ನು ಹೇಳಿದೆ. ಚಾರ್ಟಿನಲ್ಲಿ ಇಲ್ಲದ್ದು ಲೆಕ್ಕಕ್ಕೂ ಇಲ್ಲ ಎಂಬುದು ತಮ್ಮ ಕೆಲಸದ ಮೊದಲ ಪಾಠ ಎಂದು ನಕ್ಕರು.

ರಾಬರ್ಟ್ ಜೋನ್ಸ್ 1933ರಲ್ಲಿ ತೀರಿಕೊಂಡರು. ಅವರಿಗೆ ಸರ್ ಪದವಿಯೂ ದೊಡ್ಡ ಗೌರವಗಳೂ ಬಂದವು. ಹೋದಲ್ಲೆಲ್ಲ ಅವರು ಮಾವನ ಹೆಸರನ್ನು ಮುಂದಿಟ್ಟರು. ತೊಡೆಮೂಳೆಯ ಒಳಕ್ಕೆ ಉದ್ದನೆಯ ಲೋಹದ ಮೊಳೆ ಹಾಕುವ ವಿಧಾನವನ್ನು 1939ರಲ್ಲಿ ಜರ್ಮನಿಯ ಗೆರ್ಹಾರ್ಟ್ ಕುಂಚರ್ ಆರಂಭಿಸಿದ ಮೇಲೆ, ತಿಂಗಳುಗಟ್ಟಲೆ ಚೌಕಟ್ಟಿನಲ್ಲಿ ಮಲಗುವ ಕಷ್ಟ ತಪ್ಪಿತು. ನಾನಿಗೆ ಹಾಕಿದ್ದೂ ಅಂಥದೇ ಮೊಳೆ. ಆದರೆ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವವರೆಗೆ ಇಂದಿಗೂ ಥಾಮಸ್ ಸ್ಪ್ಲಿಂಟ್ ಬೇಕು.

ನಾನಿ ಈಗ ವಾಕರ್ ಹಿಡಿದು ಅಂಗಳದ ತುದಿಯವರೆಗೆ ನಡೆಯುತ್ತಾರೆ. ಅಂಗಳದ ಪಾಚಿಯನ್ನು ಮಾಮು ಕೆರೆದು ತೆಗೆಸಿ ಸುಣ್ಣ ಹಾಕಿಸಿದ್ದಾರೆ. ತಿದ್ದಿದ ಡಿಸ್ಚಾರ್ಜ್ ಸಮ್ಮರಿ ಕಬೋರ್ಡಿನ ಮೇಲಿನ ಫೈಲಿನಲ್ಲಿದೆ. ಅದರಲ್ಲಿ ಎರಡೂ ಕಡೆ ಬಲಗಾಲು ಎಂದೇ ಬರೆದಿದೆ.